ಹಾರ್ಡ್ ಡಿಸ್ಕಿಗೆ ಕಟ್ಟಿದ ಚೀಟಿ

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇದೆ. ಅದರ ವೈರಿಗೆ, ಚಪ್ಪಲಿ ಡಬ್ಬದ ರಟ್ಟಿನಿಂದ ಕತ್ತರಿಸಿದ ಒಂದು ಚೀಟಿಯನ್ನು ಬಿಳಿ ದಾರದಲ್ಲಿ ಕಟ್ಟಿದೆ. ಚೀಟಿಯ ಅಂಚಿಗೆ ಯಾರದೋ ಗ್ರೀಸಿನ ಹೆಬ್ಬೆಟ್ಟು ಬೇರೆ ಒತ್ತಿದೆ. ಧೂಳು ಒರೆಸುವಾಗಲೆಲ್ಲ ನನ್ನ ಹೆಂಡತಿ ಸುನಂದ, "ಇದ್ನ ಕಿತ್ತಾಕ್ಬುಡ್ಲಾ?" ಎಂದು ಕೇಳುತ್ತಾಳೆ. ನಾನು ಬೇಡ ಎನ್ನುತ್ತೇನೆ. ನೆಂಟರು ಬಂದಾಗ ಮಾತ್ರ ಬರಹ ಕಾಣದ ಹಾಗೆ ಮಗುಚಿ ಇಡುತ್ತೇನೆ. ಅದರಲ್ಲಿ ಏನು ಬರೆದಿದೆ ಎಂದು ನಿಮಗೆ ಹೇಳುವವನೇ, ಆದರೆ ಈಗಲೇ ಅಲ್ಲ. ನನ್ನ ಮರ್ಯಾದೆಯ ಪ್ರಶ್ನೆ. ಸ್ವಲ್ಪ ಸುತ್ತಾಡಿಕೊಂಡು ಬರೋಣ.

ನಾನು ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಹೊಟ್ಟೆಕಿಚ್ಚಿನ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ಬರೆಯುವುದು ಸಲೀಸು. ಬೇರೆಯವರ ಸೈಟು, ಕಾರು, ಅಳಿಯನ ಸಂಬಳ ಇವೆಲ್ಲ ಕೇಳಿದರೆ ನನಗೆ ಏನೂ ಆಗುವುದಿಲ್ಲ. ಆದರೆ ನನಗೆ ಗೊತ್ತಿರುವ ವಿಷಯವನ್ನು ಜನ ನನ್ನ ಬಿಟ್ಟು ಇನ್ನೊಬ್ಬರ ಹತ್ತಿರ ಕೇಳಿದರೆ ಆವತ್ತು ರಾಗಿಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ.

ಇದು ಚಿಕ್ಕಂದಿನಲ್ಲೇ ಅಂಟಿದ ರೋಗ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯವರು ಗಣೇಶನ ಹಬ್ಬಕ್ಕೆ ಚಂದಾ ಎತ್ತಿ ಟಿವಿಯನ್ನೂ ಕ್ಯಾಸೆಟ್ ಹಾಕುವ ವಿಸಿಪಿಯನ್ನೂ ಬಾಡಿಗೆಗೆ ತರಿಸುತ್ತಿದ್ದರು. ಒಳ್ಳೆಯ ಫೈಟಿಂಗ್ ಬಂದಾಗಲೇ ಚಿತ್ರಕ್ಕೆ ಗೆರೆ ಬೀಳುತ್ತಿತ್ತು. ಇಡೀ ಬೀದಿ ಒಂದೇ ಗಂಟಲಲ್ಲಿ, "ಪುಟ್ಸಾಮೀನ ಕರೀರ್ಲಾ!" ಎಂದು ಕೂಗುತ್ತಿತ್ತು. ಪುಟ್ಟಸ್ವಾಮಿ ಬಾಡಿಗೆ ಅಂಗಡಿಯ ಆಳು. ಅವನು ಬೀಡಿ ಮುಗಿಸಿ, ಅವಸರವಿಲ್ಲದೆ ಎದ್ದು ಬಂದು, ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಬೆರಳಿಗೆ ಬನಿಯನ್ನಿನ ಚೂರು ಸುತ್ತಿ ಒಳಗೆಲ್ಲೋ ಒಂದು ಸಲ ಒರೆಸುತ್ತಿದ್ದ. ಚಿತ್ರ ನೆಟ್ಟಗಾಗುತ್ತಿತ್ತು. ಹತ್ತಾರು ಎಕರೆ ಗದ್ದೆಯ ಗೌಡರು ಕೂಡ ಆಗ ಅವನಿಗೆ ದಾರಿ ಬಿಟ್ಟು ಸರಿದು ಕೂರುತ್ತಿದ್ದರು. ತೆರೆಯ ಮೇಲಿನ ನಾಯಕನಾಗಬೇಕು ಎಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಪುಟ್ಟಸ್ವಾಮಿಯಾಗಬೇಕು ಅನ್ನಿಸಿತು. ಬೀದಿ ನನ್ನ ಹೆಸರು ಹಿಡಿದು ಕೂಗಬೇಕು, ನಾನು ನಿಧಾನವಾಗಿ ಎದ್ದು ಬರಬೇಕು.

ಆ ಭಾಗ್ಯ ನನಗೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲೈನಕ್ಸಿನಿಂದ ಬಂತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಅದರ ಸಿ.ಡಿ.ಯನ್ನು, ಪುಕ್ಕಟೆ ಎನ್ನುವ ಒಂದೇ ಕಾರಣಕ್ಕೆ, ನನ್ನ ಕಂಪ್ಯೂಟರಿಗೆ ಹಾಕಿದೆ. ಮೂರು ದಿನ ಅದು ಏಳಲಿಲ್ಲ. ನಾಲ್ಕನೆಯ ದಿನ ಎದ್ದಿತು, ಆದರೆ ವಿಡಿಯೊ ಹಾಕಿದರೆ ಚಿತ್ರ ಬರುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಶಬ್ದ ಬರುವ ಹೊತ್ತಿಗೆ ಬೇಸಿಗೆ ರಜೆ ಮುಗಿದಿತ್ತು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲು ಸಾಧ್ಯವೇ?

ಹೇಳಲು ಜನರೂ ಸಿಕ್ಕರು. ನಮ್ಮ ಮಂಡ್ಯದ ಕಡೆಯವರಿಗೆ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಬಸ್ಸು ಓಡಿಸುವವರು, ಗದ್ದೆ ಮಾಡುವವರು, ಆಫೀಸಿನ ಗುಮಾಸ್ತರು ಕೈಯಿಂದ ಹಣ ಹಾಕಿ ಪಾತ್ರ ಕಟ್ಟುತ್ತಾರೆ. ಈಗೀಗ ಮಂಡ್ಯದ ಸಭಾಂಗಣದಲ್ಲಿ ಹಗಲು ಹೊತ್ತೇ ನಾಟಕ. ಬೆಳಗಿನ ತಿಂಡಿಗೆ ಶುರುವಾದರೆ ಸಂಜೆ ಕಾಫಿಗೆ ಮಂಗಳ. ಇದನ್ನೆಲ್ಲ ನಾನು ರಜೆಯ ದಿನಗಳಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಕ್ಯಾಮೆರಾದಿಂದ ವೈರು ಎಳೆದು ನೇರವಾಗಿ ಲೈನಕ್ಸ್ ಲ್ಯಾಪ್‌ಟಾಪಿಗೆ ತುಂಬುವುದು, ಆಮೇಲೆ ಎನ್‌ಕೋಡಿಂಗ್ ಮಾಡಿ ಪೆನ್ ಡ್ರೈವಿಗೆ ಹಿಡಿಯುವ ಹಾಗೆ ಚಿಕ್ಕದಾಗಿಸುವುದು. ಎನ್‌ಕೋಡಿಂಗ್ ಅಂದರೆ ಏನು ಎಂದು ಸುನಂದ ಕೇಳಿದ್ದಳು. ಡಬಲ್ ಹಾಸಿಗೆಯನ್ನು ಸುತ್ತಿ ಸುತ್ತಿ ಹೋಲ್ಡಾಲಿಗೆ ಕಟ್ಟುವುದು ಅಂದೆ. ಬಿಚ್ಚಿದಾಗ ಹತ್ತಿ ಒಂದು ಕಡೆ ಸೇರದೆ ಇದ್ದರೆ ಕಟ್ಟಿದವನು ಜಾಣ.

ಹೀಗೆ ನಾಟಕದವರು, ಸ್ಟುಡಿಯೊದವರು, ಮೇಷ್ಟ್ರುಗಳು ಎಲ್ಲ ಸೇರಿ ಫೋನಿನಲ್ಲಿ ಒಂದು ಬಳಗವಾಯಿತು. ಕಟ್ಟಿದವನು ನಾನು. ವಿಡಿಯೊ ತಡವರಿಸುತ್ತಿದೆ, ತುಟಿಗೂ ಮಾತಿಗೂ ತಾಳೆಯಿಲ್ಲ, ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳು ಬರುತ್ತಿವೆ ಎಂದು ಅವರು ಬರೆಯುವುದು. ನಾನು ಕಾಫಿ ಕುಡಿದು, ಪುಟ್ಟಸ್ವಾಮಿಯಷ್ಟೇ ನಿಧಾನವಾಗಿ ಉತ್ತರ ಕೊಡುವುದು. ನನ್ನ ಉತ್ತರ ಬಹುತೇಕ ಒಂದೇ ಇರುತ್ತಿತ್ತು: "ಎಲ್ಲಾ ತೆಗೆದು ಹೊಸದಾಗಿ ಹಾಕಿ." ಜನ ನನಗೆ "ಲೈನಕ್ಸ್ ಮೇಷ್ಟ್ರು" ಎಂದು ಹೆಸರಿಟ್ಟರು. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಒಂದು ಸುತ್ತು ಮೈ ತುಂಬಿಕೊಂಡ ಹಾಗಾಗುತ್ತಿತ್ತು.

ಅಷ್ಟರಲ್ಲಿ ಮುನೀರ್ ಬಂದ.

ಮುನೀರ್ ಮಳವಳ್ಳಿಯಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವನು. ತಂದೆಯ ಕಾಲದ ಅಂಗಡಿ. ಅವನ ಲ್ಯಾಪ್‌ಟಾಪಿಗೆ ಲೈನಕ್ಸ್ ಹಾಕಿಕೊಟ್ಟವನು, ಬಳಗಕ್ಕೆ ಸೇರಿಸಿದವನು ಕೂಡ ನಾನೇ. ಈ ಎರಡು ತಪ್ಪುಗಳಿಗೆ ನಾನು ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಮೋಟಾರು ಸುತ್ತುವವರಿಗೆ ಒಂದು ಪದ್ಧತಿ ಇದೆ. ರೈತರು ಹೊತ್ತು ತರುವ ಮೋಟಾರುಗಳೆಲ್ಲ ನೋಡಲು ಒಂದೇ ಥರ, ಮಣ್ಣು ಮೆತ್ತಿದ ಕಬ್ಬಿಣ. ಅದಕ್ಕೇ ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಕಟ್ಟುತ್ತಾರೆ. ಅದರಲ್ಲಿ ಹೆಸರು, ಊರು, ಮತ್ತು ತಂದವನು ಹೇಳಿದ ತೊಂದರೆ, ಅವನ ಮಾತಿನಲ್ಲೇ. "ಗುಂಯ್ ಅಂತದೆ, ತಿರ್ಗಲ್ಲ." "ಒಸಿ ಒತ್ತು ಓಡಿ ನಿಂತೋಯ್ತದೆ." ಇನ್ನೊಂದು ಪದ್ಧತಿ: ಸುಟ್ಟ ತಂತಿಯನ್ನು ಕೀಳುವ ಮೊದಲು ಎಷ್ಟು ಸುತ್ತು ಇತ್ತು ಎಂದು ಎಣಿಸಿ ಬರೆದುಕೊಳ್ಳುವುದು. ಎಣಿಸದೆ ಕಿತ್ತರೆ ಆ ಮೋಟಾರು ಮತ್ತೆ ಮೊದಲಿನಂತೆ ಓಡುವುದಿಲ್ಲ.

ಮುನೀರ್ ಇದನ್ನೇ ತಂದು ನನ್ನ ಬಳಗದಲ್ಲಿ ಹೂಡಿದ. ಯಾರಾದರೂ ತೊಂದರೆ ಹೇಳಿದರೆ ಅವನು ಉತ್ತರ ಕೊಡುತ್ತಲೇ ಇರಲಿಲ್ಲ, ಪ್ರಶ್ನೆ ಕೇಳುತ್ತಿದ್ದ. ತೆರೆಯ ಮೇಲೆ ಏನು ಬಂತು, ಅಕ್ಷರ ಬಿಡದೆ ಕಳಿಸಿ. ಅದಕ್ಕೆ ಮುಂಚೆ ಏನು ಮಾಡಿದಿರಿ? ಯಾವ ವರ್ಷದ ಟಿವಿ? ಎಲ್ಲವನ್ನೂ ಚೀಟಿಯ ಹಾಗೆ ಬರೆದಿಟ್ಟುಕೊಂಡು, ಅದೇ ತೊಂದರೆ ಇನ್ನೊಬ್ಬರಿಗೆ ಬಂದಾಗ ಆ ಚೀಟಿಯನ್ನೇ ಮುಂದೆ ಹಿಡಿಯುತ್ತಿದ್ದ. ಬಳಗದವರಿಗೆ ನನ್ನ ಔಷಧ ಬೇಡವಾಗುತ್ತ ಬಂತು. "ಮುನೀರಣ್ಣನ್ನ ಕೇಳಿ" ಎಂದು ಒಬ್ಬರಿಗೊಬ್ಬರು ಹೇಳತೊಡಗಿದರು. ಅದನ್ನು ಓದಿದಾಗ ನನಗೆ ಮಳವಳ್ಳಿಯ ಆಚೆ ಕರೆಂಟು ತಯಾರಿಸುವ ಬ್ಲಫ್ ಎಂಬ ಜಾಗ ನೆನಪಾಗುತ್ತಿತ್ತು. ಸ್ಕೂಲಿನಿಂದ ನಮ್ಮನ್ನು ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋದಾಗ, ಇಲ್ಲೇ ಹುಟ್ಟುವ ಕರೆಂಟು ನಮ್ಮ ತಲೆಯ ಮೇಲೆ ಹಾದು ಎಲ್ಲೋ ದೂರದವರ ದೀಪ ಉರಿಸುತ್ತಿತ್ತಂತೆ ಎಂದು ಕೇಳಿ ಅಳು ಬಂದಿತ್ತು.

ಹೊರಗಿನವರದ್ದು ಹೇಗೋ ಸಹಿಸಿಕೊಂಡಿದ್ದೆ. ಒಂದು ದಿನ ಸುನಂದ ತನ್ನ ತಂಗಿಯ ಮಗುವಿನ ನಾಮಕರಣದ ವಿಡಿಯೊ ಟಿವಿಗೆ ಹಾಕಿ ನೋಡುತ್ತಿದ್ದಳು. ಹಿಂದಿನ ವಾರವಿಡೀ ಅದರಲ್ಲಿ ಬರೀ ಶಬ್ದ ಬರುತ್ತಿತ್ತು. ಟಿವಿಯನ್ನು ಮೊದಲಿಂದ ಹೊಂದಿಸಬೇಕು ಎಂದು ನಾನೇ ಹೇಳಿದ್ದೆ. ಈಗ ಚಿತ್ರ ಫಳಫಳ ಹೊಳೆಯುತ್ತಿತ್ತು.

"ಸರಿಹೋಯ್ತಲ್ಲ, ಹೆಂಗೆ?" ಅಂದೆ.

"ಮುನೀರಣ್ಣಂಗೆ ಮೆಸೇಜ್ ಆಕ್ದೆ. ಟಿವಿ ಅಳೇದು, ವಿಡಿಯೊ ಒಸಾ ತರ ಕಟ್ಟವ್ರೆ, ಅಳೇ ತರ ಕಟ್ಕೊಡ್ತೀನಿ ಅಂದ್ರು. ಅರ್ಧ ಗಂಟೇಲಿ ಕಳ್ಸುದ್ರು."

ಹೆಂಡತಿ! ನನ್ನ ಮನೆಯ ಸೋಫಾದಲ್ಲಿ ಕೂತು, ನನ್ನ ಲೈನಕ್ಸಿನ ಎದುರಿಗೇ! ಆ ದಿನ ನಾನು ಊಟ ಮಾಡಲಿಲ್ಲ. ತಲೆನೋವು ಎಂದೆ.

ಇಷ್ಟು ಹೇಳಿದ ಮೇಲೆ ಪೂರಿಗಾಲಿಯ ಸಿದ್ದೇಗೌಡರ ವಿಷಯಕ್ಕೆ ಬರಬೇಕು. ಎಪ್ಪತ್ತು ದಾಟಿದ ರೈತರು. ಜೀವಮಾನವೆಲ್ಲ ದ್ವಾರಪಾಲಕ, ಸಾರಥಿ ಇಂಥ ಸಣ್ಣ ಪಾತ್ರಗಳಲ್ಲೇ ಕಳೆದು, ಕೊನೆಗೂ ಈ ವರ್ಷ ರಾಜನ ಪಾತ್ರ ಕಟ್ಟಿದರು. ಅವರಿಗೆ ಆ ಪಾತ್ರದ ಮಾತು, ಪದ್ಯ ಎಲ್ಲ ಬಾಯಿಪಾಠ ಮಾಡಿಸಿದವರು ಅವರ ಅಕ್ಕ ನಿಂಗಮ್ಮ. ನಮ್ಮ ಮದ್ದೂರಿನ ಶಿವಪುರಕ್ಕೆ ಮದುವೆಯಾಗಿ ಬಂದವರು. ಓದು ಬರಹ ಇಲ್ಲ. ಹುಡುಗಿಯಾಗಿದ್ದಾಗ ನಾಟಕ ನೋಡಿ ನೋಡಿ ಕಿವಿಯಲ್ಲೇ ಹಿಡಿದಿಟ್ಟುಕೊಂಡವರು. ಹೆಣ್ಣು ಎಂದು ಅವರನ್ನು ಯಾರೂ ರಂಗ ಹತ್ತಿಸಲಿಲ್ಲ, ಅವರು ತಮ್ಮನಿಗೆ ಕಲಿಸಿದರು. ಈಗ ಸೊಂಟ ಮುರಿದು ಮಂಚದಲ್ಲಿದ್ದರು. "ಅಕ್ಕ ಬರಂಗಿಲ್ಲ ಮೇಷ್ಟ್ರೇ. ನೀವು ಚೆಂದಾಗಿ ತಗೀಬೇಕು. ಅವ್ಳು ಟಿವೀಲಿ ನೋಡ್ಬೇಕು. ಇನ್ನೊಂದ್ ಕಿತ ಮಾಡಕೆ ನನ್ ಮೈಯಲ್ಲೂ ಶಕ್ತಿ ಇಲ್ಲ" ಎಂದು ಸಿದ್ದೇಗೌಡರು ನನ್ನ ಕೈ ಹಿಡಿದು ಹೇಳಿದ್ದರು.

ಆಗಷ್ಟೇ ಮುನೀರ್ ಬಳಗದಲ್ಲಿ ಒಂದು ಬುದ್ಧಿಮಾತು ಹಾಕಿದ್ದ. ಎಂಪಿ ಫೋರ್ ಎನ್ನುವ ಬಗೆಯ ಫೈಲು ತನ್ನೊಳಗೆ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆಯೇ ಬರೆದುಕೊಳ್ಳುತ್ತದೆ. ನಿಲ್ಲಿಸುವ ಮೊದಲೇ ಕರೆಂಟು ಹೋದರೆ ಪಟ್ಟಿ ಇಲ್ಲ, ಫೈಲು ತೆರೆಯುವುದಿಲ್ಲ. ಎಂಕೆವಿ ಎನ್ನುವುದು ಹಾಗಲ್ಲ. ಕರೆಂಟು ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. "ಮೊದ್ಲು ಎಂಕೆವಿಲಿ ತುಂಬ್ಕಳಿ, ಆಮ್ಯಾಕೆ ಎಂಪಿ ಫೋರ್ ಮಾಡ್ಕಳಿ. ನಮ್ ಕಡೆ ಕರೆಂಟ್ನ ನಂಬಬ್ಯಾಡಿ" ಎಂದು ಬರೆದಿದ್ದ. ನೂರು ಸಲ ಸರಿಯಾದ ಮಾತು. ಸರಿಯಾದ ಮಾತನ್ನು ಅವನು ಹೇಳಿದ್ದೇ ನನಗೆ ತಪ್ಪಾಗಿ ಕಂಡಿತು.

ನಾಟಕದ ದಿನ ಬೆಳಿಗ್ಗೆ ಮನೆಯಲ್ಲಿ ಕ್ಯಾಮೆರಾ, ಮೈಕು ಎಲ್ಲ ಜೋಡಿಸಿ, ಯಾವ್ಯಾವುದೋ ತಿರುಪು ತಿರುಗಿಸಿ, ಮುನೀರ್ ಕಳಿಸಿದ ಮಾದರಿಗಿಂತ ಚೆನ್ನಾಗಿ ಬರಬೇಕೆಂದು ಹೊಂದಿಸಿದೆ. ಯಾವುದನ್ನೂ ಬರೆದಿಟ್ಟುಕೊಳ್ಳಲಿಲ್ಲ. ಮೂರು ನಿಮಿಷದ ಪರೀಕ್ಷೆಗೆಂದು, ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿಗೆ ರೆಕಾರ್ಡಿಂಗ್ ಶುರು ಮಾಡಿದೆ. ಸುನಂದ ಕಾಫಿ ತಂದಿಟ್ಟು, "ಎಂಕೆವಿ ಆಕಿದ್ದೀರಾ? ಮುನೀರಣ್ಣ ಏಳಿದ್ರಲ್ಲ" ಅಂದಳು. ಅಷ್ಟೇ ಸಾಕಾಯಿತು. ಮೈಕು ಅಂಗಿಗೆ ಸಿಕ್ಕಿಸಿಕೊಂಡೇ ನಾನು ಬೈಯಲು ಶುರು ಮಾಡಿದೆ. ಕೋಪ ಬಂದರೆ ನನ್ನ ಮೇಷ್ಟ್ರ ಕನ್ನಡ ಮಾಯವಾಗುತ್ತದೆ. "ಮೋಟ್ರು ಸುತ್ತೋನು ನಂಗೆ ಏಳ್ಕೊಡ್ತಾನಾ? ಅವ್ನಿಗೆ ಲೈನಕ್ಸು ತೋರ್ಸಿದ್ದೇ ನಾನು ಕಣೆ! ನಾನಿಲ್ದಿದ್ರೆ ಇವತ್ತೂ ವಾರ್ನಿಸ್ ಮೂಸ್ಕಂಡು ಕೂತಿರ್ತಿದ್ದ!" ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಕೊನೆಯಲ್ಲಿ ಸುನಂದ ಹೇಳಿದ್ದು ಇಷ್ಟೇ: "ಒಟ್ಟೆಕಿಚ್ಚು ಕಣ್ರೀ ನಿಮ್ಗೆ. ಬೇರೇನಲ್ಲ."

ನಾಟಕವನ್ನೂ ಅದೇ ಹಾರ್ಡ್ ಡಿಸ್ಕಿಗೆ, ಎಂಪಿ ಫೋರಿನಲ್ಲೇ ರೆಕಾರ್ಡ್ ಮಾಡಿದೆ. ನಾಟಕ ಅದ್ಭುತವಾಗಿ ನಡೆಯಿತು. ಸಿದ್ದೇಗೌಡರು ಗದೆ ಎತ್ತಿ ನಿಂತಾಗ ಜನ ಎದ್ದು ಶಿಳ್ಳೆ ಹೊಡೆದರು. ಒಂದು ಗಳಿಗೆ ಕೂಡ ಕರೆಂಟು ಹೋಗಲಿಲ್ಲ. ಮಂಗಳದ ಪದ ಮುಗಿಯುತ್ತಿದ್ದಂತೆ ಮೈಕಿನಲ್ಲಿ, "ನಮ್ಮ ಲೈನಕ್ಸ್ ಮೇಷ್ಟ್ರು ಎಲ್ಲಿದ್ದರೂ ವೇದಿಕೆಗೆ ಬರಬೇಕು" ಎಂದು ಕೂಗಿದರು. ಹಿಂದಿನ ತಿಂಗಳು ಇದೇ ವೇದಿಕೆಯಲ್ಲಿ ಮುನೀರಿಗೆ ಶಾಲು ಹೊದಿಸಿದ್ದನ್ನು ನಾನು ಕೆಳಗೆ ಕೂತು ನೋಡಿದ್ದೆ. ನಿಲ್ಲಿಸುವ ಗುಂಡಿ ಒತ್ತಲೂ ಮರೆತು ಓಡಿದೆ. ಪುಟ್ಟಸ್ವಾಮಿ ಆಗಿದ್ದರೆ ನಿಧಾನವಾಗಿ ಹೋಗುತ್ತಿದ್ದ. ನಾನು ಶಾಲಿಗೆ ಕತ್ತು ಬಗ್ಗಿಸುವ ಹೊತ್ತಿಗೆ, ಸೀನಿನ ಪರದೆಗಳನ್ನು ಬಿಚ್ಚಿ ಲಾರಿಗೆ ತುಂಬುವ ಅವಸರದಲ್ಲಿದ್ದ ಲೈಟಿನವರು ಮೇನ್ ಬೋರ್ಡಿನ ವೈರು ಕಿತ್ತರು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು.

ಫೈಲು ಇತ್ತು, ತೂಕವೂ ಇತ್ತು, ತೆರೆಯಲಿಲ್ಲ. ನಾನು ಊರಿಗೆಲ್ಲ ಕೊಡುತ್ತಿದ್ದ ಔಷಧವನ್ನೇ ಕುಡಿದೆ: ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಎಲ್ಲಾ ತೆಗೆದು ಹೊಸದಾಗಿ ಹಾಕಿದೆ. ಆ ಬೆಳಿಗ್ಗೆ ತಿರುಗಿಸಿದ್ದ ತಿರುಪುಗಳ ಲೆಕ್ಕವೂ ಅದರ ಜೊತೆ ಅಳಿಸಿಹೋಯಿತು. ಸಿದ್ದೇಗೌಡರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಅಕ್ಕ ಕೇಳ್ತಾವ್ಳೆ ಮೇಷ್ಟ್ರೇ. ಯಾವತ್ ತತ್ತೀರಿ?" ಎನ್‌ಕೋಡಿಂಗ್ ಆಗುತ್ತಿದೆ ಎಂದು ಸುಳ್ಳು ಹೇಳಿದೆ. ಎರಡು ವಾರ ಕಳೆದ ಮೇಲೆ, ಬರಬೇಕಾದ ದಿನ ಅವರ ಫೋನು ಬರಲಿಲ್ಲ. ಆವತ್ತೇ ಹಾರ್ಡ್ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ವಾರ್ನಿಶಿನ ವಾಸನೆ. ಮುನೀರ್ ಸ್ಟೂಲು ಒರೆಸಿ ಕೂರಿಸಿ, ರಟ್ಟು ಮತ್ತು ಪೆನ್ನು ತೆಗೆದುಕೊಂಡ.

"ಏನಾಯ್ತು ಸಾ?"

"ಕರೆಂಟ್ ಹೋಯ್ತಪ್ಪ."

ಅವನು ಬರೆಯಲಿಲ್ಲ. "ಮೋಟ್ರು ತರೋರೂ ಇಂಗೇ ಏಳ್ತಾರೆ ಸಾ, ಕರೆಂಟಿಂದ ಸುಟ್ಟೋಯ್ತು ಅಂತ. ನೀರಿಲ್ದೆ ಓಡ್ಸಿದ್ನ ಏಳಲ್ಲ. ಪೂರ್ತಿ ಏಳಿ."

ಹೇಳಿದೆ. ಶಾಲಿನ ವಿಷಯ ಹೇಳಿದೆ, ಎಲ್ಲ ಅಳಿಸಿದ್ದನ್ನು ಹೇಳಿದೆ. "ಎಂಕೆವಿ ಯಾಕ್ ಆಕ್ಲಿಲ್ಲ?" ಎಂದು ಕೇಳಿದ. ಬೆನ್ನ ಹಿಂದೆ ಇಬ್ಬರು ರೈತರು ಮೋಟಾರು ಹೊತ್ತು ನಿಂತಿದ್ದರು. "ನೀನು ಹೇಳಿದ್ದಕ್ಕೇ ಹಾಕಲಿಲ್ಲ" ಅಂದೆ. ಮುನೀರ್ ತಲೆಯಾಡಿಸಿ, ಬರೆದು, ಹಾರ್ಡ್ ಡಿಸ್ಕಿಗೆ ಕಟ್ಟಿದ. ನೀವು ಕಾಯುತ್ತಿದ್ದ ಚೀಟಿ ಇದೇ: "ಮದ್ದೂರು ಮೇಷ್ಟ್ರು. ನಾಟಕ ಒಂದು. ತೊಂದರೆ: ಮುನೀರ್ ಹೇಳಿದ್ದಕ್ಕೇ ಮಾಡಲಿಲ್ಲ."

ಆಮೇಲೆ ವಿವರಿಸಿದ. ಪಟ್ಟಿ ಕಳೆದುಕೊಂಡ ಫೈಲನ್ನು ಎಬ್ಬಿಸಲು ಲೈನಕ್ಸಿನಲ್ಲಿ ಒಂದು ಪುಕ್ಕಟೆ ಸಲಕರಣೆ ಇದೆ. ಆದರೆ ಅದಕ್ಕೆ ಅದೇ ಕ್ಯಾಮೆರಾ, ಅದೇ ಹೊಂದಿಕೆಯಲ್ಲಿ ತೆಗೆದ ಒಂದು ಚೆನ್ನಾಗಿರುವ ಫೈಲು ಬೇಕು. ಅದನ್ನು ನೋಡಿಕೊಂಡು ಕೆಟ್ಟದ್ದರ ಪಟ್ಟಿ ಬರೆಯುತ್ತದೆ. "ಸುತ್ತು ಎಣಿಸ್ಕಳಕೆ ಇನ್ನೊಂದ್ ಮೋಟ್ರು ಇದ್ದಂಗೆ ಸಾ. ಐತಾ?"

ಇತ್ತು. ಭೂಮಿಯ ಮೇಲೆ ಒಂದೇ ಒಂದು ಇತ್ತು: ನಾಟಕದ ದಿನ ಬೆಳಿಗ್ಗೆ ಮನೆಯಲ್ಲಿ ತೆಗೆದ ಮೂರು ನಿಮಿಷದ ಪರೀಕ್ಷೆ.

"ಶಬ್ದ ತೆಗೆದು ಕೊಟ್ಟರೆ ಆಗುತ್ತಾ?" ಎಂದು ಕೇಳಿದೆ. ಆಗಲ್ಲ, ಇದ್ದ ಹಾಗೇ ಬೇಕು ಅಂದ. ಶಿವಪುರದ ಮಂಚದ ಮೇಲಿನ ನಿಂಗಮ್ಮನನ್ನು ನೆನೆಸಿಕೊಂಡು ಫೈಲು ತೋರಿಸಿದೆ. ಬಳಸುವ ಮೊದಲು ಪರೀಕ್ಷಿಸುವುದು ಅವನ ಪದ್ಧತಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂರು ನಿಮಿಷವೂ ಕೇಳಿದ. ನಾನು ಗೋಡೆಗೆ ಒರಗಿಸಿದ್ದ ಪಂಪುಗಳನ್ನು ಎಣಿಸಿದೆ, ಮತ್ತೆ ಎಣಿಸಿದೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಮೇಡಮ್ಮೋರ ಮಾತು ಕ್ಲಿಯರ್ರಾಗಿ ಬಂದದೆ ಸಾ. ನಿಮ್ದು ಒಸಿ ಒಡೀತದೆ. ಮೈಕ್ನ ಅಷ್ಟ್ ಅತ್ರ ಇಟ್ಕಂಡು ಕಿರುಚ್ಬಾರ್ದು."

ಇಷ್ಟೇ. ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಆಗಲೇ ಟೀ ಹೇಳಲು ಎದ್ದು ಹೋಗಿದ್ದ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ತೆರೆಯ ಮೇಲೆ ಸಿದ್ದೇಗೌಡರು ಕಿರೀಟ ಹೊತ್ತು ನಡೆದು ಬಂದರು. ನನಗೆ ಅಳು ಬಂತು. ಅದು ಸಂತೋಷದ್ದೇ, ಆದರೆ ಒಳಗೆಲ್ಲೋ ಒಂದು ಮೂಲೆಯಲ್ಲಿ, ಇದನ್ನೂ ಅವನೇ ಮಾಡಿಬಿಟ್ಟನಲ್ಲ ಎಂಬ ಸಂಕಟವೂ ಇತ್ತು. ಸಂಜೆ ಅವನು ಬಳಗದಲ್ಲಿ ಬರೆದ: "ಎಂಪಿ ಫೋರ್ ಮುರಿದ್ರೆ ಎದೆಗೆಡಬ್ಯಾಡಿ. ಎಬ್ಬಿಸೋದು ಮೇಷ್ಟ್ರಿಗೆ ಗೊತ್ತದೆ, ಅವ್ರನ್ನೇ ಕೇಳಿ." ಚೀಟಿಯಲ್ಲಿ ಬರೆದದ್ದನ್ನಾಗಲಿ ಹೆಡ್‌ಫೋನಿನಲ್ಲಿ ಕೇಳಿದ್ದನ್ನಾಗಲಿ ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಜನ ಮತ್ತೆ ನನ್ನ ಹತ್ತಿರ ಬರುತ್ತಿದ್ದಾರೆ. ನನಗೆ ಸಮಾಧಾನವಾಗಬೇಕಿತ್ತು. ಆದರೆ ಅವನಿಗೆ ನನ್ನ ಮೇಲೆ ಒಂದು ಚಿಟಿಕೆಯಷ್ಟಾದರೂ ಹೊಟ್ಟೆಕಿಚ್ಚು ಬರಬಾರದೇ? ಬಾರದಿರುವುದನ್ನು ನೋಡಿ ಈಗ ನನಗೆ ಹೊಸ ಹೊಟ್ಟೆಕಿಚ್ಚು.

ಮುಂದಿನ ಭಾನುವಾರ ನಾನೂ ಸಿದ್ದೇಗೌಡರೂ ಶಿವಪುರಕ್ಕೆ ಹೋದೆವು. ನಾಟಕ ಉಳಿಸಿದವನು ಮುನೀರ್ ಎಂದು ದಾರಿಯಲ್ಲಿ ನಾನೇ ಅವರಿಗೆ ಹೇಳಿದ್ದೆ. ಸತ್ಯಾಗ್ರಹ ಸೌಧದ ಹಿಂದಿನ ಬೀದಿಯಲ್ಲಿ ನಿಂಗಮ್ಮನ ಮನೆ. ಅವರ ಮಂಚವನ್ನು ಟಿವಿಯ ಎದುರಿಗೆ ಎಳೆದು, ಬೆನ್ನಿಗೆ ದಿಂಬು ಕೊಟ್ಟು, ನಾನು ಲ್ಯಾಪ್‌ಟಾಪು ಜೋಡಿಸಿದೆ. ಸಿದ್ದೇಗೌಡರು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತರು. ನಿಂಗಮ್ಮ ಇಡೀ ನಾಟಕ ನೋಡಿದರು. ಪ್ರತಿ ಪದ್ಯವನ್ನೂ ತಮ್ಮನಿಗಿಂತ ಒಂದು ಚೂರು ಮುಂಚೆ ಬಾಯೊಳಗೇ ಹಾಡಿಕೊಳ್ಳುತ್ತಿದ್ದರು. "ಅಲ್ಲಿ ಉಸ್ರು ಬುಟ್ಟೆ ನೋಡು" ಎಂದು ಒಂದೆರಡು ಕಡೆ ತಲೆಗೆ ಮೊಟಕಿದರು. ಮಂಗಳದ ಪದ ಬಂದಾಗ ಎರಡೂ ಕೈ ಎತ್ತಿ ಮುಗಿದರು. ಪದ ಮುಗಿಯಿತು. ಆಗ ತೆರೆಯ ಮೇಲೆ ಒಬ್ಬ ಮನುಷ್ಯ ಎಲ್ಲರನ್ನೂ ತಳ್ಳಿಕೊಂಡು ಓಡೋಡಿ ಬಂದು, ರಾಜನಿಗೆ ಅಡ್ಡ ನಿಂತು, ಶಾಲಿಗೆ ಕತ್ತು ಬಗ್ಗಿಸಿದ. ಚಿತ್ರ ಕಪ್ಪಾಯಿತು.

"ಯಾರ್ಲಾ ಅವ್ನು, ಕೊನೇಲಿ ಅಡ್ಡ ಬಂದೋನು?" ಎಂದು ನಿಂಗಮ್ಮ ಕೇಳಿದರು.

ಸಿದ್ದೇಗೌಡರು ನನ್ನ ಕಡೆ ಕೈ ತೋರಿಸಿದರು. "ಇವ್ರೇ ಕಣಕ್ಕ. ಲೈನಕ್ಸ್ ಮೇಷ್ಟ್ರು."

"ಅಂಗಂದ್ರೆ?"

ಸಿದ್ದೇಗೌಡರು ಅಕ್ಕನಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ.

"ನಾಟ್ಕ ಉಳ್ಸಿಕೊಟ್ರಲ್ಲ, ಮಳವಳ್ಳಿ ಮುನೀರಣ್ಣ, ಅವ್ರ ಕಡೆಯೋರು" ಅಂದರು.

ಹೊಟ್ಟೆ ಉರಿಯಿತು, ಸುಳ್ಳೇಕೆ. ಆದರೂ ನಾನು ಅಲ್ಲ ಎನ್ನಲಿಲ್ಲ.